ಗೇರಿಲ್ಲದ ಗಾಡಿ

ನಮ್ಮ ಮನೆಯವರು ಬಿಲ್ಡಿಂಗಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಗೈ ಮುರಿದುಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮನುಷ್ಯ. ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಕೆಳಗಿಳಿದು, ಹಳೆಯ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆದರು. ಗಾಡಿ ಶುರುವಾಯಿತು. ಆದರೆ ಅದರ ಕ್ಲಚ್ಚೂ ಗೇರೂ ಎಡಗೈಯಲ್ಲೇ. ಕ್ಲಚ್ ಒತ್ತಲು ಬೆರಳಿಗೆ ಬಲವಿರಲಿಲ್ಲ. ಗಾಡಿ ಬಂದ್ ಮಾಡಿ ಮೇಲೆ ಬಂದರು.

ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ಮಾಟುಂಗಾ, ವಡಾಲಾದಲ್ಲಿರುವ ನಮ್ಮ ವಿಜಯಪುರ, ಧಾರವಾಡದ ಮಂದಿಗೆ ಅದನ್ನು ಬಿಸಿ ಆರುವುದರೊಳಗೆ ಮುಟ್ಟಿಸುವುದು, ರಿಟೈರ್ ಆದಮೇಲೆ, ಇವರ ಡ್ಯೂಟಿ. ರೊಟ್ಟಿ ಒಯ್ಯಲು ಬೇರೆ ಯಾರನ್ನಾದರೂ ಇಡಬಹುದಿತ್ತು. ಗಾಡಿ ಬಿಟ್ಟರೆ ಇವರು ಮೂಲೆ ಹಿಡಿಯುತ್ತಾರೆ ಎಂಬುದೇ ನನ್ನ ಹೆದರಿಕೆ.

"ಗೇರ್ ಇಲ್ಲದ್ದ ತಗೊಳ್ಳೋಣ್ರಿ," ಎಂದೆ.

"ಗೇರ್ ಇಲ್ಲಂದ್ರ ಅದೇನ್ ಗಾಡಿ? ಹುಡುಗರ ಆಟಿಗಿ ಸಾಮಾನು."

ಬೈಕುಲ್ಲಾದ ಮೆಕ್ಯಾನಿಕ್ ಹೊಸ ಕೇಬಲ್ ಹಾಕಿ ಕ್ಲಚ್ ಹಗುರ ಮಾಡಿಕೊಟ್ಟ. ಹಗುರವಾದದ್ದು ಅವನ ಕೈಗೆ, ಇವರ ಕೈಗಲ್ಲ. ಕೊನೆಗೆ ಮುಖ ಗಂಟಿಕ್ಕಿಕೊಂಡೇ ನನ್ನ ಜೊತೆ ಶೋರೂಮಿಗೆ ಬಂದರು.

ಓಡಿಸಿ ನೋಡಲು ಕೊಟ್ಟ ಆಟೋಮ್ಯಾಟಿಕ್ ಗಾಡಿಯ ಹಿಂದೆ ನಾನೂ ಹತ್ತಿ ಕೂತೆ. ಬಟನ್ ಒತ್ತಿದರೆ ಶುರು. ಸ್ವಲ್ಪ ವೇಗ ಹಿಡಿಯುತ್ತಲೇ ಇವರು ರೂಢಿಯಂತೆ ಗೇರ್ ಬದಲಿಸಲು ಎಡಗೈಯ ಲಿವರನ್ನು ಇದ್ದ ಬಲವೆಲ್ಲ ಹಾಕಿ ಒತ್ತಿದರು. ಈ ಗಾಡಿಯಲ್ಲಿ ಅದು ಬ್ರೇಕ್. ಕ್ಲಚ್ಚಿಗೆ ಸಾಲದ ಬಲ ಬ್ರೇಕಿಗೆ ಸಾಕಾಯಿತು. ಗಾಡಿ ಗಕ್ಕನೆ ನಿಂತು ನನ್ನ ಮೂಗು ಅವರ ಬೆನ್ನಿಗೆ ಬಡಿಯಿತು. ಹಿಂದಿನ ಟ್ಯಾಕ್ಸಿ ನಮ್ಮನ್ನು ಸವರಿಕೊಂಡೇ ಹೋಯಿತು. ಟ್ಯಾಕ್ಸಿಯವನು ಬೈದದ್ದನ್ನು ಇಲ್ಲಿ ಬರೆಯಲಾರೆ.

"ನಿನ್ನ ಕೊಂದ ಬಿಡ್ತಿದ್ದೆ ನಾ," ಎಂದರು. ಗಾಡಿಯನ್ನು ಶೋರೂಮಿಗೆ ಒಪ್ಪಿಸಿ ಮನೆಗೆ ಬಂದೆವು. ಚಹಾ ಮುಂದಿಟ್ಟಾಗ, "ಇನ್ನ ನಾ ಯಾವ ಗಾಡೀನೂ ಹೊಡಿಯೂದಿಲ್ಲ," ಎಂದರು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಹಂಗಾರ ನಾ ಹೊಡೀತೀನಿ. ನೀವು ಕಲಸ್ರಿ," ಎಂದೆ. ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ. ನನಗೆ ಸೈಕಲ್ ಬಿಟ್ಟರೆ ಬೇರೇನೂ ಗೊತ್ತಿಲ್ಲ, ಅದೂ ಲಗ್ನಕ್ಕೆ ಮೊದಲಿನ ಮಾತು.

"ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ?" ಎಂದರು. ಆದರೆ ಮುಖ ಅರಳಿತ್ತು, ಅದನ್ನು ನಾನು ನೋಡಿದೆ.

ಹೊಸ ಗಾಡಿ ಬಂತು. ಕಾಲೊನಿಯ ಖಾಲಿ ಗಲ್ಲಿಯಲ್ಲಿ ಇವರು ಪಕ್ಕದಲ್ಲೇ ನಡೆಯುತ್ತ, "ಎಡಗೈ ಅಂದ್ರ ಬ್ರೇಕ್, ತಿಳೀತಿಲ್ಲೋ?" ಎಂದು ಗದರುತ್ತಿದ್ದರು. ತಾವೇ ಎಡವಿದ್ದನ್ನು ಎಷ್ಟು ಜೋರಾಗಿ ಕಲಿಸುತ್ತಾರೆ ಎಂದು ನಗು ಬರುತ್ತಿತ್ತು. ನನ್ನ ಕೈಗಾದರೋ ಮರೆಯಬೇಕಾದದ್ದು ಏನೂ ಇರಲಿಲ್ಲ, ಬೇಗ ಬಂತು. ಲೈಸೆನ್ಸೂ ಆಯಿತು.

ಮೊದಲ ದಿನ ರೊಟ್ಟಿಯ ಗಂಟು ಹಿಡಿದು ಅವರು ಹಿಂದೆ ಕೂತರು. ರಿಕ್ಷಾ, ಟ್ಯಾಕ್ಸಿಯವರಿಗೆಲ್ಲ ದಾರಿ ಹೇಳಿಕೊಡುವ ಮನುಷ್ಯ, ವಡಾಲಾ ತನಕ ಒಂದು ಮಾತಾಡಲಿಲ್ಲ. ಇಳಿದಾಗ ನೋಡಿದರೆ ಹಣೆಯ ಮೇಲೆ ಬೆವರು.

"ಅಂಜಿಕಿ ಬಂತೇನ್ರಿ?"

"ಹಿಂದ ಕುಂತವರಿಗೆ ರಸ್ತಾನ ಕಾಣೂದಿಲ್ಲಲ್ಲ," ಎಂದರು. "ಬರೇ ಬೆನ್ನ ಕಾಣತೈತಿ. ಇಷ್ಟ ವರ್ಷ ನೀ ಹೆಂಗ ಕುಂತಿದ್ದಿ?"

"ನಿಮ್ಮನ್ನ ನಂಬಿ ಕುಂತಿದ್ದೆ."

ಅವರು ರೊಟ್ಟಿ ಕೊಟ್ಟು ಬಂದು, ಮಾಟುಂಗಾದ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಮತ್ತೆ ನನ್ನ ಹಿಂದೆ ಹತ್ತಿ ಕೂತರು.