ಕೆಂಪು ಸಾಲಿನ ಬಸ್ಸು

ಮೂಡುಬಿದಿರೆಯ ನಮ್ಮ ಬಸ್ ಆಫೀಸಿನಲ್ಲಿ ರಿಪೋರ್ಟ್ ತೆಗೆಯುವ ಅಕ್ಕ ಒಬ್ಬರಿದ್ದರು. ಕಂಡಕ್ಟರ್‌ಗಳ ಟಿಕೆಟ್ ಮೆಷಿನ್‌ಗಳಲ್ಲಿದ್ದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಯಾವ ಟ್ರಿಪ್ಪಿಗೆ ಎಷ್ಟು ಜನ ಹತ್ತಿದರೆಂದು ಬಸ್ಸಿನ ಧಣಿಗಳಿಗೆ ತೋರಿಸುವುದು ಅವರ ಕೆಲಸ. ಪ್ರಿಂಟ್ ಕೊಡುವ ಮುಂಚೆ ಶಾಲಿನ ತುದಿಯಿಂದ ಪರದೆ ಒರೆಸಿ ಮತ್ತೊಮ್ಮೆ ನೋಡುತ್ತಿದ್ದರು. ಯಾರಾದರೂ ಕಂಡಕ್ಟರು ತಮ್ಮ ಟ್ರಿಪ್ಪನ್ನು ರಿಪೋರ್ಟಿನಿಂದ ಬಿಟ್ಟುಬಿಡಿ ಎಂದು ಗೋಗರೆದರೆ, "ಉಂಟಲ್ಲ, ಅದು ಬರ್ಲಿ," ಎನ್ನುತ್ತಿದ್ದರು.

ನಷ್ಟದ ಟ್ರಿಪ್ಪುಗಳು ಕೆಂಪಾಗಿ ಕಾಣುವ ರಿಪೋರ್ಟ್ ಬೇಕೆಂದು ಧಣಿಗಳು ಒಮ್ಮೆ ಹೇಳಿದರು. ಅದರಲ್ಲಿ ಎಲ್ಲಕ್ಕಿಂತ ಕೆಳಗೆ ಬಂದದ್ದು ಬೆಳ್ತಂಗಡಿ ಕಡೆಯ ಒಂದು ಸಂಜೆ ಬಸ್ಸು. ಅಕ್ಕ ದಿನಾ ಮನೆಗೆ ಹೋಗುತ್ತಿದ್ದದ್ದು ಅದರಲ್ಲೇ.

"ಫಿಲ್ಟರ್ ಹಾಕಿ ಆ ಸಾಲೊಂದು ತೆಗೀರಿ ಅಕ್ಕ, ಯಾರಿಗೆ ಗೊತ್ತಾಗ್ತದೆ?" ಎಂದೆ.

ಅವರು ಪರದೆ ಒರೆಸಿದರು. "ಉಂಟಲ್ಲ, ಅದು ಬರ್ಲಿ."

ಧಣಿಗಳು ಆ ಬಸ್ಸನ್ನೇ ನಿಲ್ಲಿಸಿದರು. ಕೆಲವು ವಾರ ಅಕ್ಕ ಬೇರೆ ಬಸ್ಸು ಹತ್ತಿ, ಮೇನ್ ರೋಡಿನಲ್ಲಿಳಿದು ಮನೆಗೆ ನಡೆದರು, ಆಮೇಲೆ ಕೆಲಸವನ್ನೇ ಬಿಟ್ಟರು. ಅವರು ಮಾಡಿಟ್ಟ ರಿಪೋರ್ಟನ್ನು ಈಗ ನಾನು ತೆಗೆಯುತ್ತೇನೆ. "ಕೆಂಪು ಒಂದೂ ಇಲ್ಲ, ಈಗ ಸರಿ ಆಯ್ತು ಮಾರಾಯ," ಎನ್ನುತ್ತಾರೆ ಧಣಿಗಳು. ಓಡದ ಬಸ್ಸು ರಿಪೋರ್ಟಿನಲ್ಲಿ ಬರುವುದಿಲ್ಲ. ಅದಕ್ಕೆ ಕಾಯುತ್ತಿದ್ದವರೂ ಬರುವುದಿಲ್ಲ.