ಹಗೇವು ಎಂದು ನಾನು ಹೇಳಿದ್ದು

ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಸಿಂದಗಿಯ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಲಿನಕ್ಸ್ ಮೇಲೆ ಓಡುವ ಮೂರು ಸರ್ವರ್‌ಗಳು. ಒಂದೊಂದರ ಹೊಟ್ಟೆಯಲ್ಲಿ ನಾಲ್ಕೈದು ವರ್ಚುವಲ್ ಸರ್ವರ್‌ಗಳು. ನೋಂದಣಿ, ರಕ್ತಪರೀಕ್ಷೆ, ಸ್ಕ್ಯಾನ್ ಚಿತ್ರ ಎಲ್ಲವೂ ಅವುಗಳಲ್ಲೇ. ಒಂದು ಸರ್ವರ್ ಕೈಕೊಟ್ಟರೆ ಅದರ ಕೆಲಸವನ್ನು ಇನ್ನೊಂದು ಹೊರಬೇಕು. ಅದಕ್ಕೆ ಮಾಹಿತಿಯೆಲ್ಲ ಮೂರಕ್ಕೂ ಕೈಗೆಟಕುವ ಕಡೆ ಇರಬೇಕು. ಎಲ್ಲಿಡಬೇಕು ಎಂಬುದೇ ಜಗಳ. ನಮ್ಮಲ್ಲಿ ಸ್ಕ್ಯಾನ್ ಓದುವ ಡಾಕ್ಟರಿಲ್ಲ; ಚಿತ್ರ ವಿಜಯಪುರಕ್ಕೆ ಹೋಗಿ, ಅಲ್ಲಿಂದ ಮಾತು ಬಂದ ಮೇಲೆಯೇ ಮೆದುಳಿನ ರಕ್ತಗಡ್ಡೆ ಕರಗಿಸುವ ಇಂಜೆಕ್ಷನ್. ಲಕ್ವಾ ಹೊಡೆದವರಿಗೆ ಒಂದೊಂದು ನಿಮಿಷವೂ ಲೆಕ್ಕವೇ; ನಾಲ್ಕೂವರೆ ಗಂಟೆ ದಾಟಿದರೆ ಅದನ್ನು ಕೊಡುವಂತಿಲ್ಲ.

ಮೂರೂ ಸರ್ವರ್‌ಗಳ ಡಿಸ್ಕುಗಳನ್ನು ಕೂಡಿಸಿ, ಎಲ್ಲದರ ನಕಲನ್ನೂ ಮೂರು ಕಡೆ ಇಡೋಣ ಎಂದೆ. ಆಡಳಿತಾಧಿಕಾರಿಯ ತಲೆಗೆ ಹೋಗಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ! ಜೋಳ ತುಂಬಿ ಮುಚ್ಚಿಡುವ ನೆಲದ ಗುಂಡಿಯನ್ನು ತಂದು ನಡುವೆ ಹಾಕಿದೆ.

“ಸರ್, ಸ್ಟೋರೇಜ್ ಅಂದ್ರ ನಮ್ಮ ಹಗೇವು ಇದ್ದಂಗ್ರಿ. ಅಣ್ತಮ್ಮರೆಲ್ಲಾ ಅದರಾಗಿಂದಽ ತೊಗೋತಾರ.”

ಅವರ ಮುಖ ಅರಳಿತು. “ಹಂಗಂದ್ರ ಒಂದಽ ಹಗೇವು ಸಾಕಲ್ಲೋ ಮಾರಾಯಾ! ಅದಽ ಜ್ವಾಳಾ ಮೂರ್ ಕಡೆ ಯಾಕ ಇಡಬೇಕು? ಹುಚ್ಚ ಹಿಡದೈತೇನ್ ನಿನಗ?”

“ಆ ಒಂದು ಬಂದ್ ಬಿತ್ತಂದ್ರ ಮೂರೂ ಕುಂದರ್ತಾವ್ರಿ.”

“ಬೀಳೂದಿಲ್ಲ ಬಿಡು.”

ಮೂರೂ ಸರ್ವರ್‌ಗಳ ಮಾಹಿತಿಯನ್ನೆಲ್ಲ ಇಡುವ ಒಂದೇ ಒಂದು ಸ್ಟೋರೇಜ್ ಪೆಟ್ಟಿಗೆ ಬಂತು. ಹಲ್ಲು ಕಚ್ಚಿಕೊಂಡು ಆಯ್ಕೆಯ ಕಾಗದಕ್ಕೆ ನಾನೂ ಸಹಿ ಹಾಕಿದೆ.

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಮನೆ ಮುಂದೆ ಬೈಕ್ ತೊಳೆಯುತ್ತಿದ್ದೆ. ಎಲ್ಲ ಪರದೆಗಳೂ ನಿಂತಿವೆ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಒದ್ದೆ ಕೈಯಲ್ಲೇ ಓಡಿದೆ. ಸ್ಕ್ಯಾನ್ ಕೋಣೆಯ ಮುಂದೆ ಯಂಕಂಚಿಯ ರೈತನೊಬ್ಬ ಬಾಯಿ ಸೊಟ್ಟಗಾಗಿ ಮಲಗಿದ್ದ. ಹೆಂಡತಿ ಅವನ ಬಲಗೈ ತಿಕ್ಕುತ್ತಿದ್ದಳು. ಊರಿಂದ ಬರುವಷ್ಟರಲ್ಲೇ ಬಹಳ ಹೊತ್ತಾಗಿತ್ತಂತೆ. ಸ್ಕ್ಯಾನ್ ಮುಗಿದಿತ್ತು, ಚಿತ್ರ ಮಾತ್ರ ವಿಜಯಪುರಕ್ಕೆ ಹೋಗುತ್ತಿರಲಿಲ್ಲ.

ಸರ್ವರ್ ಕೋಣೆಯಲ್ಲಿ ಆಡಳಿತಾಧಿಕಾರಿ ಊದಿನಕಡ್ಡಿ ಹಿಡಿದು ನಿಂತಿದ್ದರು. ಮೂರೂ ಸರ್ವರ್ ಗುಂಯ್ ಅನ್ನುತ್ತಿದ್ದವು. ಪೆಟ್ಟಿಗೆ ಮಾತ್ರ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ತಣ್ಣಗಿತ್ತು.

“ಯಾರ್ರೀ ಇದನ್ನ ಬಂದ್ ಮಾಡಿದವ್ರು?” ಚೀರಿದೆ.

“ನಾನಽ. ಪೂಜಿ ಹೊತ್ತಿನ್ಯಾಗ ಹತ್ಯಾರ ದುಡೀಬಾರದಲ್ಲ. ಸರ್ವರ್ ಮುಟ್ಟಿಲ್ಲಪಾ, ಅವು ಚಾಲೂ ಅದಾವ. ಇದು ಹಗೇವು, ಒಂದ್ ಗಳಿಗಿ ಮುಚ್ಚಿದ್ರ ಏನಾಗತೈತಿ? ನೀನಽ ಹೇಳಿದ್ದೆಲ್ಲ?”

ಮಾಲೆ ಕಿತ್ತೆಸೆದೆ. ಪೆಟ್ಟಿಗೆ ಏಳಲು, ಆಮೇಲೆ ಒಂದೊಂದೇ ವರ್ಚುವಲ್ ಸರ್ವರ್ ತಪಾಸಣೆ ಮುಗಿಸಿ ಏಳಲು ಮುಕ್ಕಾಲು ಗಂಟೆ ಹಿಡಿಯಿತು. ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳ! ಅಷ್ಟರಲ್ಲಿ ಇಂಜೆಕ್ಷನ್ ಕೊಡುವ ಹೊತ್ತು ಮೀರಿತ್ತು. ರೈತ ಉಳಿದ. ಬಲಗೈ ಮತ್ತೆ ಏಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಅವನ ಹೆಂಡತಿ ಒಂದು ಚೀಲ ಹೊತ್ತು ಬಂದಳು.

“ಹೊಸಾ ಜ್ವಾಳರಿ. ಈ ಸಲ ನಾನೊಬ್ಬಾಕಿನಽ ಕೊಯ್ದೇನಿ. ಅವತ್ತ ಹಬ್ಬಾ ಬಿಟ್ಟು ಓಡಿ ಬಂದ್ರಿ. ನಿಮ್ಮ ಉಪಕಾರ ಮರೀಲಾಕ ಆಗೂದಿಲ್ರಿ.”

ಪಕ್ಕದಲ್ಲೇ ನಿಂತಿದ್ದ ಆಡಳಿತಾಧಿಕಾರಿ, “ಎಲ್ಲಾ ದೇವರ ಇಚ್ಛಾ, ಯವ್ವಾ” ಎಂದರು. ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು.

“ದೇವರಲ್ಲ ಯವ್ವಾ, ನಾವು,” ಎಂದೆ. “ಸಹಿ ನಂದೈತಿ. ಬೈ ನನಗ.”

“ಹಂಗ ಅನಬ್ಯಾಡ್ರೀ ಸಾಹೇಬ್ರ,” ಎಂದು ಆಕೆ ನನಗೇ ಸಮಾಧಾನ ಹೇಳಿದಳು.