ಆಷಾಢದಲ್ಲಿ ಬಿಚ್ಚಿದ ಪೆಟ್ಟಿಗೆ

ಸಿಂಧನೂರಿನ ಸೇವಾ ಸಂಗಮ ಕ್ಲಬ್ಬಿಗೆ ಬಸವಲಿಂಗ ಸೇರಿ ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಇಪ್ಪತ್ತೆರಡು ಅಧ್ಯಕ್ಷರು ಬಂದು ಹೋದರು, ಬಸವಲಿಂಗ ಮಾತ್ರ ಜಂಟಿ ಕಾರ್ಯದರ್ಶಿಯಾಗಿಯೇ ಉಳಿದ. ಅಧ್ಯಕ್ಷನಾಗಲು ರೈಸ್‌ಮಿಲ್ಲೋ ಗೊಬ್ಬರದ ಏಜೆನ್ಸಿಯೋ ಇರಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೇ ಬಿದ್ದಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ನೋಟ್‌ಬುಕ್ಕು, ಪೆನ್ನು ಮಾರುವವನಿಗೆ ಇಷ್ಟೇ ದೊಡ್ಡ ಮಾತು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅವನೂ ಒಪ್ಪಿಕೊಂಡಿದ್ದ.

ತಿಂಗಳಿಗೆ ಎರಡು ಶನಿವಾರ ಸಭೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಎದೆಗೆ ಕ್ಲಬ್ಬಿನ ಬಿಲ್ಲೆ ಸಿಕ್ಕಿಸದೆ ಬಂದವರಿಂದ ಹಾಡು ಹೇಳಿಸಿ ನಗುತ್ತಾರೆ, ಹೋದ ಶಿಬಿರದ ಫೋಟೋಗಳನ್ನು ನೋಡಿ ತಮಗೆ ತಾವೇ ಚಪ್ಪಾಳೆ ತಟ್ಟಿಕೊಳ್ಳುತ್ತಾರೆ, ಬಿಸಿ ಮಿರ್ಚಿ ತಿಂದು ಮನೆಗೆ ಹೋಗುತ್ತಾರೆ. ಗಂಟೆ ಒರೆಸಿಡುವವನು, ಶಾಲು ಹಾರ ತರುವವನು, ಮೈಕಿನವನ ಬೆನ್ನು ಹತ್ತುವವನು ಬಸವಲಿಂಗ. ರೋಗಿಗಳಿಗೆ ಎರವಲು ಕೊಡುವ ಸಲಕರಣೆಗಳ ಕೋಣೆಯ ಕೀಲಿಯೂ ಅವನ ಬಳಿಯೇ. ಗಾಲಿಕುರ್ಚಿ, ವಾಕರ್, ನೀರಿನ ಹಾಸಿಗೆ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಜನ ಮೊದಲು ಬರುವುದು ಅವನ ಅಂಗಡಿಗೆ.

"ನಿಮ್ಮ ಅಂಗಡ್ಯಾಗ ಪೆನ್ನು ಕೇಳೋರಕಿಂತ ಕುರ್ಚಿ ಕೇಳೋರ ಭಾಳ ನೋಡ್ರಿ," ಎಂದು ಹೆಂಡತಿ ವಿಜಯಶ್ರೀ ಹಂಗಿಸುತ್ತಾಳೆ. ಅವನಿಗೆ ಅದು ಬೈಗುಳವಾಗಿ ಕೇಳುವುದೇ ಇಲ್ಲ. ತಾನು ಕೊಟ್ಟ ಕುರ್ಚಿಯಲ್ಲಿ ಕುಳಿತು ಯಾರೋ ಮುದುಕಿ ಆರು ತಿಂಗಳಿಗೆ ಬಾಗಿಲ ಹೊರಗಿನ ಬಿಸಿಲು ಕಂಡಳೆಂದು ಕೇಳಿದರೆ ಅವತ್ತು ಅವನಿಗೆ ಹಬ್ಬ. ಆ ಕೀಲಿ ಇಲ್ಲದಿದ್ದರೆ ತಾನು ಯಾರು ಎಂದು ಅವನು ಯೋಚಿಸಿದ್ದೇ ಇಲ್ಲ.

ಜೂನ್ ಕೊನೆಯಲ್ಲಿ ಮಿಲ್ಲಿನ ಅಮರಗುಂಡಪ್ಪನವರು ತಮ್ಮ ತಂದೆಯ ಹೆಸರಿನಲ್ಲಿ ಕ್ಲಬ್ಬಿಗೊಂದು ಆಕ್ಸಿಜನ್ ಯಂತ್ರ ಕೊಟ್ಟರು. ಸಿಲಿಂಡರ್ ಬೇಕಿಲ್ಲ, ಕರೆಂಟಿಗೆ ಹಚ್ಚಿದರೆ ಸಾಕು, ಕೋಣೆಯ ಗಾಳಿಯನ್ನೇ ಸೋಸಿ ಮೂಗಿಗೆ ಕೊಡುತ್ತದೆ. ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಅದು ಸಲಕರಣೆ ಕೋಣೆಯಲ್ಲಿ ಕುಳಿತಿತು. ಹೊಸ ಅಧ್ಯಕ್ಷರ ಪದಗ್ರಹಣದ ದಿನ ರಿಬ್ಬನ್ ಕತ್ತರಿಸಿ ಅದನ್ನು ಚಾಲೂ ಮಾಡಬೇಕೆಂದು ತೀರ್ಮಾನವಾಯಿತು.

ಇಲ್ಲೊಂದು ಸಂಗತಿ ಹೇಳಬೇಕು. ಕ್ಲಬ್ಬಿನ ವರ್ಷ ಜುಲೈ ಒಂದಕ್ಕೆ ಶುರು. ಹಳೆಯ ಅಧ್ಯಕ್ಷರ ಅಧಿಕಾರ ಜೂನ್ ಮೂವತ್ತಕ್ಕೇ ಮುಗಿಯುತ್ತದೆ. ಆದರೆ ಜುಲೈ ಎಂದರೆ ಆಷಾಢ, ಆಷಾಢದಲ್ಲಿ ಯಾರು ತಾನೇ ಕುರ್ಚಿ ಏರುತ್ತಾರೆ? ಹಾಗಾಗಿ ಇಲ್ಲಿ ಪದಗ್ರಹಣ ಏನಿದ್ದರೂ ಶ್ರಾವಣದ ಮೊದಲ ಸೋಮವಾರ. ನಡುವಿನ ಮೂರ್ನಾಲ್ಕು ವಾರ ಕ್ಲಬ್ಬಿಗೆ ತಲೆಯೇ ಇರುವುದಿಲ್ಲ. ಅದರಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ, ಅಥವಾ ಆದವರು ಬಂದು ಹೇಳಿರಲಿಲ್ಲ.

ಜುಲೈ ಎರಡನೇ ವಾರ ಜವಳಗೇರಾದ ಗದ್ದೆಪ್ಪ ಅಂಗಡಿಯ ಮುಂದೆ ಬಂದು ನಿಂತ. ಅವನ ಹೆಂಡತಿ ಯಮನಮ್ಮ ಇಪ್ಪತ್ತು ವರ್ಷ ಮಿಲ್ಲುಗಳಲ್ಲಿ ತೌಡು, ನುಚ್ಚು ಕೇರಿದವಳು. ಆ ಧೂಳೆಲ್ಲ ಎದೆಯಲ್ಲಿ ಕುಳಿತು ಈಗ ಉಸಿರಿಗೆ ಜಾಗವಿಲ್ಲದಂತಾಗಿತ್ತು. ಮನೆಯಲ್ಲೇ ಯಂತ್ರ ಇಟ್ಟುಕೊಳ್ಳಬೇಕೆಂದು ಹೇಳಿ ಆಸ್ಪತ್ರೆಯವರು ಕಳಿಸಿದ್ದರು.

"ಕುಂತ್ರೂ ಉಸುರಿಲ್ಲ, ಮಲಗಿದ್ರೂ ಉಸುರಿಲ್ಲ ಅಕಿಗೆ. ನಿಮ್ಮಲ್ಲಿ ಮಷೀನ್ ಐತಂತ ಕೇಳಿ ಬಂದೀನ್ರಿ ಅಣ್ಣಾರ," ಎಂದ ಗದ್ದೆಪ್ಪ.

ಬಸವಲಿಂಗ ಅವನನ್ನು ಅಲ್ಲೇ ಕೂರಿಸಿ ಟೈರ್ ಅಂಗಡಿಯ ಜುಲ್ಫಿಕರ್ ಬಳಿ ಹೋದ. ಹೋದ ವರ್ಷದ ಅಧ್ಯಕ್ಷ ಆತನೇ. "ನನಗ ಆಷಾಢ ಗೀಷಾಢ ಏನಿಲ್ಲಣ್ಣ. ಆದ್ರ ನನ್ನ ಅವಧಿ ಖತಂ ಆಗೇತಿ. ಈಗ ನಾ ಸಹಿ ಮಾಡಿದ್ರ ಗಲತ್ ಆಗ್ತೈತಿ," ಎಂದು ಚಹಾ ಕುಡಿಸಿ ಕಳಿಸಿದ. ಹೊಸ ಅಧ್ಯಕ್ಷ ಸಿದ್ದರಾಮೇಶ ಗೊಬ್ಬರದ ಅಂಗಡಿಯಲ್ಲಿ ಸಿಕ್ಕ. "ನಾ ಇನ್ನ ಕುರ್ಚಿ ಮ್ಯಾಲ ಕುಂತಿಲ್ಲಲ್ಲೋ ಮಾರಾಯಾ, ಹೆಂಗ ಕೊಡ್ಲಿ?" ಎಂದ. ಕೊನೆಗೆ ಅಮರಗುಂಡಪ್ಪನವರ ಮಿಲ್ಲು.

"ಅಪ್ಪಾರ ಹೆಸರಿನ ವಸ್ತು ಬಸವಲಿಂಗ. ಆಷಾಢದಾಗ ಬಿಚ್ಚಿದ್ರ ನಮ್ಮವ್ವ ನನ್ನ ಮನ್ಯಾಗ ಬಿಟ್ಕೊಳ್ಳಂಗಿಲ್ಲ. ಇನ್ನೇನು ಎರಡು ವಾರ. ಬೇಕಂದ್ರ ಮೊದಲನೇ ಹೆಸರು ಅಕಿದ ಬರಕೋ, ಕಾರ್ಯಕ್ರಮಕ್ಕ ಕರ್ಕೊಂಬಾ," ಎಂದರು ಅವರು.

ಮೂವರಲ್ಲಿ ಯಾರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದಾದರೂ ಬರಬಹುದಿತ್ತು. ಬಸವಲಿಂಗ ಹೆಸರು ಬರೆದುಕೊಂಡು ಬಂದ.

ಮರುದಿನ ಮನಸ್ಸು ತಡೆಯದೆ ಜವಳಗೇರಾದ ಬಸ್ಸು ಹತ್ತಿದ. ಯಮನಮ್ಮ ಮಂಚದ ಮೇಲೆ ಎರಡೂ ಕೈ ಮೊಣಕಾಲಿಗೆ ಊರಿ ಮುಂದೆ ಬಾಗಿ ಕುಳಿತಿದ್ದಳು. ಉಗುರು ನೀಲಿಗಟ್ಟಿದ್ದವು. "ಬರ್ರಿ" ಎನ್ನಲು ಹೋಗಿ ಆಗದೆ ತಲೆಯಾಡಿಸಿದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಎಂಟು ದಿನದಿಂದ ಕುಳಿತೇ ಇದ್ದಾಳೆಂದು ಗದ್ದೆಪ್ಪ ಹೇಳಿದ. ಆಷಾಢ ಯಾರಿಗೆ, ಪದಗ್ರಹಣ ಯಾರಿಗೆ ಎಂದುಕೊಳ್ಳುತ್ತ ಬಸವಲಿಂಗ ತಿರುಗಿ ಬಸ್ಸು ಹತ್ತಿದ.

ಮಾರನೇ ದಿನ ಮಧ್ಯಾಹ್ನ, ಬಜಾರೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ ಅವನು ಸಲಕರಣೆ ಕೋಣೆ ತೆರೆದ. ರಿಬ್ಬನ್ನಿನ ಗಂಟು ಬಿಚ್ಚಿ, ಹರಿಯದಂತೆ ಪ್ಲಾಸ್ಟಿಕ್ ತೆಗೆದು, ಎಲ್ಲವನ್ನೂ ಪೆಟ್ಟಿಗೆಯಲ್ಲೇ ಮಡಚಿಟ್ಟ. ಯಂತ್ರವನ್ನು ಆಟೋದಲ್ಲಿ ಒಯ್ದು ಯಮನಮ್ಮನ ಮಂಚದ ಪಕ್ಕ ಇಟ್ಟು ಗುಂಡಿ ಒತ್ತಿದ. ಅದು ಒಮ್ಮೆ ಜೋರಾಗಿ ಕಿರುಚಿ, ಆಮೇಲೆ ಗುಂಯ್‌ಗುಡುತ್ತ ನಡೆಯಿತು. ಅರ್ಧ ತಾಸಿಗೆ ಯಮನಮ್ಮ ದಿಂಬಿಗೆ ಒರಗಿದಳು, ಮುಕ್ಕಾಲು ತಾಸಿಗೆ ನಿದ್ದೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಬಸವಲಿಂಗ ಯಾರನ್ನೂ ಕೇಳದೆ ಮಾಡಿದ ಕೆಲಸ ಅದೊಂದೇ. ವಿಜಯಶ್ರೀಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ. ಶ್ರಾವಣ ಬಂತು. ಸೋಮವಾರ ಯಂತ್ರ ವೇದಿಕೆಯ ಮೇಲೆ ಇರಬೇಕು, ಹೊಸದಾಗಿಯೇ ಇರಬೇಕು.

ಹೇಳಿಬಿಡಬೇಕಿತ್ತು. ನಾಲ್ಕು ಜನ ನಾಲ್ಕು ಮಾತು ಅನ್ನುತ್ತಿದ್ದರು, ಅನ್ನಲಿ. ಆದರೆ ಅಂದ ಮೇಲೆ ಕೀಲಿ ಕೇಳುತ್ತಿದ್ದರು. ಕೀಲಿ ಬಿಡುವುದಕ್ಕಿಂತ ಯಂತ್ರ ತರುವುದೇ ಸುಲಭ ಅನ್ನಿಸಿತು. ಭಾನುವಾರ ಸಂಜೆ ಹೋಗಿ ತಲೆ ತಗ್ಗಿಸಿ ಗದ್ದೆಪ್ಪನಿಗೆ ಹೇಳಿದ, "ನಾಳೆ ಹನ್ನೊಂದಕ್ಕ ಕಾರ್ಯಕ್ರಮ. ಮಷೀನೂ ಅಲ್ಲಿರಬೇಕು, ಅಕೀನೂ ಬರಬೇಕು. ತಾಸಿನ ಮಾತು. ರಿಬ್ಬನ್ ಕಟ್ ಆದ ಕೂಡ್ಲೆ ಅಲ್ಲೇ ಚಾಲೂ ಮಾಡ್ತಾರ, ಆಮ್ಯಾಲ ಇದು ಕಾಯಂ ನಿಮ್ಮಲ್ಲೇ."

ಗದ್ದೆಪ್ಪ ಒಂದು ಮಾತೂ ಎದುರಾಡಲಿಲ್ಲ. "ಆಗ್ಲಿರಿ. ನಿಮ್ಮ ಹೆಸರು ಕೆಡಬಾರ್ದು," ಎಂದ. ಸೋಮವಾರ ಬೆಳಿಗ್ಗೆ ಪ್ಲಗ್ಗು ತೆಗೆದವನೂ ಅವನೇ. ಸಭಾಂಗಣದ ಹಿಂಬಾಗಿಲಲ್ಲಿ ವಿಜಯಶ್ರೀ ಇಸ್ತ್ರಿ ಮಾಡಿ ತಂದ ರಿಬ್ಬನ್ನನ್ನು ಬಸವಲಿಂಗ ಮೊದಲಿನ ಹಾಗೆಯೇ ಕಟ್ಟಿದ.

ಹನ್ನೊಂದಾಯಿತು. ಮುಖ್ಯ ಅತಿಥಿ ಲಿಂಗಸುಗೂರಿನಿಂದ ಬರಬೇಕು. ಬಸವಲಿಂಗ ಫೋನು ಮಾಡಿದ. ಈಗ ಲಿಂಗಸುಗೂರು ಬಿಟ್ಟಿದ್ದೇವೆ ಎಂದರು. ವೇದಿಕೆಯ ಮೂಲೆಯಲ್ಲಿ ಯಂತ್ರದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಮನಮ್ಮ ಹಸಿರು ಸೀರೆ ಉಟ್ಟು ಕುಳಿತಿದ್ದಳು. ಹನ್ನೊಂದೂವರೆಗೆ ಮತ್ತೆ ಫೋನು. ಮಸ್ಕಿಯಲ್ಲಿ ಯಾರೋ ಚಹಾಕ್ಕೆ ಕರೆದಿದ್ದಾರೆ ಎಂದರು. ಯಮನಮ್ಮನ ಕೈಗಳು ಮೆಲ್ಲನೆ ಮೊಣಕಾಲಿಗೆ ಬಂದವು. ಹನ್ನೆರಡೂ ಕಾಲಿಗೆ ಕಾರು ಬಂತು. ಪ್ರಾರ್ಥನೆ, ದೀಪ, ಪ್ರಮಾಣವಚನ, ಹಾರ. ಸಿದ್ದರಾಮೇಶ ಗಂಟೆ ಬಾರಿಸಿದ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮರಗುಂಡಪ್ಪನವರು ಮೈಕು ಹಿಡಿದು ತಂದೆಯವರ ಬಾಲ್ಯದಿಂದ ಶುರು ಮಾಡಿದರು.

ಬಸವಲಿಂಗ ಯಮನಮ್ಮನ ಕಡೆ ನೋಡಿದ. ತುಟಿಯ ಬಣ್ಣ ತಿರುಗಿತ್ತು. ಕುತ್ತಿಗೆಯ ನರ ಎದ್ದು ಕುಣಿಯುತ್ತಿತ್ತು. ಅವನು ಹಿಂದಿನಿಂದ ಹೋಗಿ ಪ್ಲಗ್ಗು ಸಿಕ್ಕಿಸಿದ, ಮೂಗಿನ ನಳಿಗೆಯನ್ನು ಅವಳ ಕೈಗೆ ಕೊಟ್ಟ, ಗುಂಡಿ ಒತ್ತಿದ. ಯಂತ್ರ ಕಿರುಚಿತು. ಆ ಕಿರುಚು ಮೈಕಿಗೂ ಬಡಿದು ಸಭಾಂಗಣವೆಲ್ಲ ತುಂಬಿತು.

ಅಮರಗುಂಡಪ್ಪನವರು ಮಾತು ನಿಲ್ಲಿಸಿ ತಿರುಗಿದರು. "ಏ ಬಸವಲಿಂಗ, ರಿಬ್ಬನ್ ಇನ್ನ ಕಟ್ ಆಗಿಲ್ಲೋ! ಬಂದ್ ಮಾಡು, ಬಂದ್ ಮಾಡು."

ಸಭೆ ಘೊಳ್ಳೆಂದು ನಕ್ಕಿತು. ಮುಖ್ಯ ಅತಿಥಿಯೂ ನಕ್ಕರು. ಇನ್ನೂರು ಜನರ ಮುಂದೆ ಬಸವಲಿಂಗ ಬಾಯಿ ತೆರೆದ. ಈಕೆಗೆ ಉಸಿರಿಲ್ಲ ಎನ್ನಬೇಕಿತ್ತು, ಎರಡೇ ಪದ. ಯಮನಮ್ಮ ನಳಿಗೆಯನ್ನು ಮೂಗಿಗೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನು ಗುಂಡಿ ಒತ್ತಿ ಬಂದ್ ಮಾಡಿದ. ತಂದೆಯವರ ಬಾಲ್ಯ ಮುಂದುವರಿಯಿತು.

ಇನ್ನೂ ಹತ್ತೊಂಬತ್ತು ನಿಮಿಷ. ಗೋಡೆಯ ಗಡಿಯಾರ ನೋಡುತ್ತ ಅವನು ಒಂದೊಂದನ್ನೂ ಎಣಿಸಿದ, ಬೇರೆ ಏನೂ ಮಾಡಲಿಲ್ಲ. ಆಮೇಲೆ ಕತ್ತರಿ ಬಂತು, ರಿಬ್ಬನ್ ಬಿತ್ತು, ಯಂತ್ರ ಎಲ್ಲರ ಅನುಮತಿಯಿಂದ ಕಿರುಚಿತು. ಫೋಟೋದವನು ಈಚೆ ನೋಡಿ ಸ್ವಲ್ಪ ನಗಬೇಕೆಂದು ಯಮನಮ್ಮನಿಗೆ ಹೇಳಿದ.

ಜನರೆಲ್ಲ ಊಟಕ್ಕೆ ಎದ್ದ ಮೇಲೂ ಅವಳು ಅಲ್ಲೇ ಕುಳಿತು ಉಸಿರು ಕೂಡಿಸಿಕೊಳ್ಳುತ್ತಿದ್ದಳು. ತುಟಿಗೆ ಬಣ್ಣ ಮರಳುತ್ತಿತ್ತು. ಬಸವಲಿಂಗ ಹತ್ತಿರ ಹೋಗಿ ನಿಂತ. ಅವಳು ಬೈದಿದ್ದರೆ, ಮುಖ ತಿರುಗಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನನ್ನ ಸಲುವಾಗಿ ಅಷ್ಟು ಮಂದಿ ಮುಂದ... ನಗಸಿಗೊಂಡ್ರಿ ಅಣ್ಣಾರ," ಎಂದಳು ಯಮನಮ್ಮ, ನಡುನಡುವೆ ಉಸಿರು ಎಳೆದುಕೊಳ್ಳುತ್ತ. "ಮನಸಿಗೆ ಹಚ್ಕೋಬ್ಯಾಡ್ರಿ."

ಹೇಳಿ ಎರಡೂ ಕೈ ಎತ್ತಿ ಮುಗಿದಳು. ಗುಂಡಿ ಬಂದ್ ಮಾಡಿದ ಬೆರಳು ಯಾರದೆಂದು ಅವಳು ಕಣ್ಣಾರೆ ಕಂಡಿದ್ದಳು. ಬಸವಲಿಂಗನಿಗೆ ತಿರುಗಿ ಕೈಮುಗಿಯಲೂ ಆಗಲಿಲ್ಲ.